ಏಳು ವಾರದ ಹಸಿರು

ಮಾಸು ಕತ್ತರಿಸುವುದರಲ್ಲಿ ಬೆಟಗೇರಿಯ ಮಹಾನಂದಾಳನ್ನು ಮೀರಿಸುವವರು ಏಳು ಖಂಡಗಳಲ್ಲಿ ಒಬ್ಬರೂ ಇರಲಿಲ್ಲ. ಕೂಸು ಹುಟ್ಟಿದ ಬೆನ್ನಿಗೇ ಹೊರಬರುವ, ಊಟದ ತಟ್ಟೆಯಷ್ಟಗಲದ, ಎಲ್ಲರೂ ಮುಖ ತಿರುಗಿಸಿ ಬಕೀಟಿಗೆ ಹಾಕುವ ಆ ಮಾಂಸದ ಚಕ್ಕೆಯನ್ನು ಅವಳು ಹೂವಿನ ಹಾಗೆ ಎತ್ತಿಕೊಳ್ಳುವಳು. ಐದು ಕಡೆಯಿಂದ ಐದು ಚೂರು, ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು. ಐದನ್ನೂ ಒಂದೊಂದಾಗಿ ತಕ್ಕಡಿಗೆ ಹಾಕಿದರೆ ತಕ್ಕಡಿಗೇ ಬೇಸರ ಬರಬೇಕು, ಹಾಗೆ ಒಂದೇ ತೂಕ. ಜಪಾನಿನವರು ಬಂದು ಅವಳ ಕೈಯ ಚಿತ್ರ ತೆಗೆದುಕೊಂಡು ಹೋಗಿದ್ದಾರೆ ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಬಂದವರು ಧಾರವಾಡದವರು, ತೆಗೆದದ್ದು ಫ್ರಿಜ್ಜಿನ ಚಿತ್ರ. ಆದರೆ ಅಷ್ಟು ದೂರದಿಂದ ಬಂದವರನ್ನು ಜಪಾನಿನವರು ಎಂದರೆ ತಪ್ಪೇನೂ ಇಲ್ಲ.

ಆ ಪ್ರಯೋಗಾಲಯವಿದ್ದದ್ದು 'ತಾಯಿಮಡಿಲು' ಎಂಬ ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ. ಹೆರಿಗೆ ಕೋಣೆಯಿಂದ ಅಲ್ಲಿಗೆ ಸರಿಯಾಗಿ ನಲವತ್ತು ಹೆಜ್ಜೆ. ಈ ನಲವತ್ತು ಹೆಜ್ಜೆಯ ಮೇಲೆ ಇಡೀ ಜಗತ್ತಿನ ಬಸುರಿಯರ ಭವಿಷ್ಯ ನಿಂತಿದೆ ಎಂದು ಅಲ್ಲಿನ ಮುಖ್ಯಸ್ಥ ಡಾಕ್ಟರ್ ಇನಾಮದಾರರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಹೇಳುತ್ತಿದ್ದುದರಲ್ಲಿ ಅರ್ಧಕ್ಕರ್ಧ ಕಳೆದರೂ ಉಳಿದದ್ದು ದೊಡ್ಡದೇ.

ಬಸುರಿಯಲ್ಲಿ ಸಕ್ಕರೆ ಏರಿದಾಗ ಮಾಸಿನೊಳಗೆ ಒಂದು ಕಾಣದ ಬೆಂಕಿ ಹೊತ್ತಿಕೊಳ್ಳುತ್ತದೆ. ಹೊಗೆಯಿಲ್ಲ, ನೋವಿಲ್ಲ; ಹೊತ್ತ ತಾಯಿಗೇ ಗೊತ್ತಾಗುವುದಿಲ್ಲ. ಮೈಗೆ ಗಾಯವಾದರೆ ಕಾವಲಿಗೆ ಓಡಿ ಬರುವ ಕೆಲವು ಪ್ರೊಟೀನುಗಳಿವೆ. ಇಲ್ಲಿ ಗಾಯವೇ ಇಲ್ಲ, ಆದರೂ ಅವು ಬಂದು ಕೋಲು ಬೀಸತೊಡಗುತ್ತವೆ. ಆ ಏಟು ಬೀಳುವುದು ಕೂಸಿಗೆ ಅನ್ನ ಗಾಳಿ ಸಾಗಿಸುವ ಎಳೆಯ ನಾಳಗಳಿಗೆ. ಹೆರಿಗೆಯಾದ ಮೇಲೆ ಮಾಸು ಕತ್ತರಿಸಿ ಈ ಉರಿಯೂತವನ್ನು ಅಳೆದವರು ಲೋಕದ ತುಂಬ ಇದ್ದರು. ಹೆರಿಗೆಗೆ ಮೊದಲೇ ಅಳೆದುಬಿಟ್ಟರೆ? ಈ ಒಂದು ಪ್ರಶ್ನೆಯಿಂದ ಬಳೆ ಹುಟ್ಟಿತು.

ನೋಡಲು ಗಾಜಿನ ಬಳೆಯೇ. ಒಳಮೈಗೆ ಸೊಳ್ಳೆಯ ಸೊಂಡಿಲು ನಾಚುವಂಥ ಮೂರು ಸೂಜಿ. ಮಾಸು ದಿನವಿಡೀ ತಾಯಿಯ ರಕ್ತಕ್ಕೆ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಉದುರಿಸುತ್ತಿರುತ್ತದೆ. ಮಾಸಿನಲ್ಲಿ ಉರಿಯ ಪ್ರೊಟೀನು ಎಷ್ಟಿದೆಯೋ ಆ ಗುಳ್ಳೆಗಳಲ್ಲೂ ಅಷ್ಟೇ ಪಾಲು. ಬಳೆ ಅವನ್ನು ಹಿಡಿದು ಎಣಿಸುತ್ತದೆ. ಎಣಿಕೆ ಗೆರೆಯ ಕೆಳಗಿದ್ದರೆ ಹಸಿರು, ಮೇಲೆ ಹೋದರೆ ಕೆಂಪು. ಬಸುರಿಗೆ ಹಸಿರು ಬಳೆ ತೊಡಿಸುವುದು ನಮ್ಮಲ್ಲಿ ಇದ್ದದ್ದೇ. ಬೆಂಗಳೂರಿನವರು ಮಣಿಕಟ್ಟಿನ ಗಡಿಯಾರದಂಥದ್ದನ್ನು ಮಾಡಿ ಕಳಿಸಿದಾಗ ಒಬ್ಬ ಹೆಣ್ಣುಮಗಳೂ ಕೈಯೊಡ್ಡಿರಲಿಲ್ಲ. ಬಳೆಯಾಗಿ ಬಂದದ್ದೇ ಬಂದದ್ದು, ಐದು ತಿಂಗಳಲ್ಲಿ ಏಳು ಜಿಲ್ಲೆಯ ಹದಿನಾಲ್ಕು ಸಾವಿರ ಕೈ ಒಂದೇ ಸಮನೆ ಹಸಿರಾದವು. ಮುಗಿಲಿನಿಂದ ನೋಡಿದರೆ ಬಿತ್ತಿದ ಹೊಲದ ಹಾಗೆ ಕಾಣುತ್ತಿತ್ತಂತೆ.

ಆ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಹೇಳಿದ್ದು ಮಹಾನಂದಾ ಮೂರು ವರ್ಷ ಕತ್ತರಿಸಿದ ಎರಡು ಸಾವಿರದ ಆರುನೂರು ಮಾಸುಗಳು. ಅವುಗಳಲ್ಲಿ ಒಂದು ವಿಚಿತ್ರವಿತ್ತು. ಎಲ್ಲವೂ ಬಿಸಿ. ಸಕ್ಕರೆ ಇಲ್ಲದ, ಗುಂಡುಗುಂಡಾದ ಕೂಸು ಹೆತ್ತು ನಗುನಗುತ್ತ ಮನೆಗೆ ಹೋದವರ ಮಾಸಿನಲ್ಲೂ ಉರಿಯ ಲೆಕ್ಕ ಐವತ್ತರ ಮೇಲೆ. ಪರದೇಶದ ಪುಸ್ತಕಗಳಲ್ಲಿ ಇಪ್ಪತ್ತೈದು ದಾಟುವುದಿಲ್ಲ.

"ನಮ್ಮ ಹೆಣ್ಣುಮಕ್ಕಳು ಖಾರ ಉಣ್ಣೂ ಮಂದಿ" ಎಂದು ಇನಾಮದಾರರು ತೀರ್ಮಾನ ಕೊಟ್ಟರು. "ನಮ್ಮ ರಕ್ತನ ಹಂಗ. ನಮ್ಮ ಗೆರೀ ನಾವು ಎಳಕೋಬೇಕು, ಮಂದೀದು ಯಾಕ?"

ಎಲ್ಲರೂ ಎದೆಯುಬ್ಬಿಸಿದರು. ಗೆರೆ ಅರವತ್ತಕ್ಕೆ ಬಿತ್ತು. ಬಳೆಯ ಲೆಕ್ಕ ಮಾತ್ರ ಮಾಸಿನ ಲೆಕ್ಕಕ್ಕಿಂತ ಯಾವಾಗಲೂ ಕಡಿಮೆ ಬರುತ್ತಿತ್ತು. ಅದಕ್ಕೆ ಬಳೆಯನ್ನು ಬೈದರೇ ಹೊರತು ಮಾಸನ್ನು ಯಾರೂ ಅನುಮಾನಿಸಲಿಲ್ಲ.

*

ಮಹಾನಂದಾಳ ತಂಗಿ ಶೈಲಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಚೊಚ್ಚಲು ಎನ್ನುವುದು ಊರಿಗೆ ಹೇಳುವ ಮಾತು. ಎರಡು ವರ್ಷದ ಹಿಂದೆ ಒಂದು ಆರನೇ ತಿಂಗಳಲ್ಲಿ ಹೋಗಿತ್ತು. ಈ ಸಲ ಐದನೇ ತಿಂಗಳಲ್ಲೇ ಸಕ್ಕರೆ ಕಾಣಿಸಿಕೊಂಡಾಗ ಮಹಾನಂದಾ ತಾನೇ ಪ್ರಯೋಗಾಲಯದಿಂದ ಬಳೆ ತಂದು ತಂಗಿಯ ಕೈಗೆ ಏರಿಸಿದ್ದಳು.

ಆವತ್ತಿನಿಂದ ಶೈಲಜಾ ಬೇರೆಯೇ ಹೆಂಗಸು. ಮೊದಲು ಕೂತರೆ ಭಯ, ನಿಂತರೆ ಭಯ, ಸೀನು ಬಂದರೆ ಅಳು. ಬಳೆ ಬಂದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಕೈ ನೋಡುವಳು. ಹಸಿರು. ಮುಗಿಯಿತು, ಆ ದಿನ ಅವಳು ಬೆಟಗೇರಿಯ ರಾಣಿ. ಓಣಿಯ ಮಗ್ಗಗಳ ಸದ್ದಿಗಿಂತ ಇವಳ ನಗುವೇ ಜೋರು. ಬಸುರಿಗೆ ಉಡಿ ತುಂಬುವ ಕುಬಸದ ದಿನವಂತೂ ಬೀಗರ ಕಡೆಯ ನಲವತ್ತು ಹೆಂಗಸರನ್ನು ಮಾತಿನಲ್ಲಿ ಒಬ್ಬಳೇ ಸೋಲಿಸಿ ಕಳಿಸಿದಳು. ಹಾಡು ಹೇಳಲು ಬಂದವರು ಹಾಡು ಮರೆತು ಹೋದರು.

"ಯಕ್ಕಾ, ನಿನ್ನ ತಂಗೀ ಮಗಾ ಇವತ್ತು ಹನ್ನೊಂದು ಸಲ ಒದ್ದಾನ" ಎಂದಳು ಒಂದು ಮಧ್ಯಾಹ್ನ, ಸಜ್ಜೆ ರೊಟ್ಟಿ ಮುರಿಯುತ್ತ. "ಎಡಗಾಲ ಭಾಳ ಜೋರ ಅದ. ಅವರಪ್ಪನ ಮಗ್ಗಾ ತುಳಿಯೂ ಕಾಲು."

"ಗಂಡು ಅಂತ ಯಾರು ಹೇಳ್ಯಾರ ನಿನಗ?"

"ಇಷ್ಟು ಒದೀತೈತಿ ಅಂದ್ರ ಹೆಣ್ಣಾದ್ರ ನಿನ್ನಂಗ ಆಗತೈತಿ. ಅದಕ್ಕ ಗಂಡು ಅಂತ ಬೇಡ್ಕೊಳ್ಳಾಕತ್ತೀನಿ."

"ನನಗೇನಾಗೇತಿ?"

"ಏನಾಗೇತಿ! ಮೂವತ್ತಾರು ವರ್ಷಕ್ಕ ಮಂದೀ ಮಾಸು ಕೊಯ್ಕೋತ ಕುಂತೀದಿ. ನಿನ್ನ ಲಗ್ನಕ್ಕ ವರ ನೋಡಾಕ ಹೋದ್ರ ನೀ ವರನ ಅವ್ವನ ಶುಗರ್ ಕೇಳ್ತೀ."

ಅವ್ವ ಒಳಗಿನಿಂದ ನಕ್ಕಳು. ಮಹಾನಂದಾ ತಂಗಿಯ ಕೈ ಹಿಡಿದು ಸುಮ್ಮನೆ ನೋಡಿದಳು. ಹಸಿರು. ಬಳೆ ತೊಟ್ಟವರಿಗೆ ಕಾಣುವುದು ಬಣ್ಣ ಮಾತ್ರ. ಅಂಕಿ ಕಾಣುವುದು ಕಚೇರಿಯವರಿಗೆ. ತಂಗಿಯ ಅಂಕಿ ಅವಳಿಗೆ ಬಾಯಿಪಾಠವಿತ್ತು. ನಲವತ್ತೇಳು. ಅರವತ್ತಕ್ಕೆ ಇನ್ನೂ ಹದಿಮೂರು ದೂರ. ಮೂವತ್ತನೇ ವಾರ ನಡೆಯುತ್ತಿತ್ತು.

*

ಹೆರಿಗೆ ಕೋಣೆಯ ಆಯಾ ಫಕ್ಕೀರವ್ವನ ಮೊಣಕಾಲು ಅದಕ್ಕೆ ಮೂರು ವಾರ ಮೊದಲೇ ಮುಷ್ಕರ ಹೂಡಿತ್ತು. ಗದಗಿನ ಅರ್ಧ ಜನ ಈ ಲೋಕಕ್ಕೆ ಬಂದು ಮೊದಲು ನೋಡಿದ ಮುಖ ಫಕ್ಕೀರವ್ವನದು. ಉಳಿದರ್ಧ ಜನ ಕಣ್ಣು ಮುಚ್ಚಿಕೊಂಡು ಹುಟ್ಟಿದ್ದರು. ಅಂಥವಳು ಮೂರು ವಾರ ರಜೆ ಹಾಕಿದಳು. ಬದಲಿಗೆ ಬಂದ ಹೊಸ ಆಯಾ ಮಾಸನ್ನು ಡಬ್ಬಿಗೆ ಹಾಕಿ ತಂದಿಟ್ಟು ಹೋಗುತ್ತಿದ್ದಳು.

ಆ ಮೂರು ವಾರ ಯಂತ್ರ ಕೆಟ್ಟಿತು. ಹಾಗೆಂದು ಮಹಾನಂದಾ ತಿಳಿದಳು. ಐವತ್ತು, ಅರವತ್ತು ತೋರಿಸಬೇಕಾದ ಕಡೆ ಇಪ್ಪತ್ತೆರಡು, ಇಪ್ಪತ್ತು, ಇಪ್ಪತ್ನಾಲ್ಕು. ಅವಳು ಮಸೂರ ಒರೆಸಿದಳು, ಬಣ್ಣದ ಸೀಸೆ ಬದಲಿಸಿದಳು, ಯಂತ್ರದ ಕಂಪನಿಯವರಿಗೆ ಫೋನಿನಲ್ಲಿ ಬೈದಳು. ಅವರು ಬಂದು ಯಂತ್ರ ಬಿಚ್ಚಿ, ಜೋಡಿಸಿ, ಇದರಷ್ಟು ಪ್ರಾಮಾಣಿಕ ಯಂತ್ರ ತಾವು ಕಂಡಿಲ್ಲವೆಂದು ಬರೆದುಕೊಟ್ಟು ಹೋದರು. ಸೋಮವಾರ ಫಕ್ಕೀರವ್ವ ಕೆಲಸಕ್ಕೆ ಮರಳಿದಳು. ಸೋಮವಾರವೇ ಐವತ್ತಮೂರು.

ಮಹಾನಂದಾ ಮೂರು ವರ್ಷದಲ್ಲಿ ಮೊದಲ ಸಲ ಆ ನಲವತ್ತು ಹೆಜ್ಜೆ ನಡೆದಳು.

ಹೆರಿಗೆ ಕೋಣೆಯ ಹಿಂದೆ, ನಲ್ಲಿಯ ಕೆಳಗೆ ಫಕ್ಕೀರವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಸ್ಟೀಲಿನ ಬೋಗುಣಿ. ಅದರಲ್ಲಿ ಹಳದಿ ನೀರು. ಕೈಯಲ್ಲಿ ಈಗಷ್ಟೇ ಹೊರಬಂದ ಮಾಸು. ಕೂಸಿಗೆ ಎರೆಯುವಷ್ಟೇ ಅಕ್ಕರೆಯಿಂದ ಅದನ್ನು ಅದ್ದಿ, ತಿರುವಿ, ಮಡಿಕೆ ಬಿಡಿಸಿ ತೊಳೆಯುತ್ತಿದ್ದಳು.

"ಏನ್ ಮಾಡಾಕತ್ತೀರಿ ಆಯೀ?"

"ಬಾರವಾ. ಮೈ ತೊಳ್ಯಾಕತ್ತೀನಿ."

"ನೀರಾಗ ಏನೈತಿ?"

"ಅರಿಷಿಣಾ. ಮತ್ತೇನಿರತೈತಿ?" ಫಕ್ಕೀರವ್ವ ತಲೆಯೆತ್ತಲಿಲ್ಲ. "ಕೂಸಿನ ಜೋಡಿ ಹುಟ್ಟಿದ್ದವಾ ಇದು. ಒಂಬತ್ತು ತಿಂಗಳು ಸಾಕಿ ಸಲಹಿದ್ದು. ಮೊದಲ ಮನೀಗೆ ಒಯ್ದು ಅರಿಷಿಣಾ ಕುಂಕುಮಾ ಹಚ್ಚಿ ಹುಗೀತಿದ್ರು. ಈಗ ನೀವು ಕೊಯ್ಯಾಕ ಕೇಳ್ತೀರಿ. ಕೊಯ್ಯೂದು ಕೊಯ್ಯಿರಿ, ಬರಿ ಮೈಲೆ ಹೆಂಗ ಕಳಸೂದು?"

"ಎಲ್ಲಾವಕ್ಕೂ?"

"ಎಲ್ಲಾವಕ್ಕೂ. ಒಂದಕ್ಕ ಮಾಡಿ ಒಂದಕ್ಕ ಬಿಡಾಕ ನಾ ಏನ್ ಭೇದಾ ಮಾಡಾಕೀನ?"

"ನಮಗ ಒಂದಿನಾನೂ ಹಳದಿ ಕಂಡಿಲ್ಲಲ್ಲ."

ಫಕ್ಕೀರವ್ವ ಈಗ ಹೆಮ್ಮೆಯಿಂದ ನಕ್ಕಳು. "ಹೆಂಗ ಕಾಣತೈತಿ? ನೀವು ಕಲಿತ ಮಂದಿ, ಕಲಿ ಕಂಡ್ರ ಬೈತೀರಿ ಅಂತ ಮೂರ್ ನೀರು ತಿರಗಾ ತೊಳೀತೀನಿ. ನನ್ನ ಕೈಯಾಗ ತೊಳದಿದ್ದರಾಗ ಒಂದ್ ಕಲಿ ತೋರ್ಸು ನೋಡೂಣು."

ಮಹಾನಂದಾ ಬೋಗುಣಿಯ ಹಳದಿ ನೀರಿಗೆ ಬೆರಳು ಅದ್ದಿ ಬೆಳಕಿಗೆ ಹಿಡಿದಳು. ಪ್ರಯೋಗಾಲಯದ ಯಂತ್ರ ಪ್ರೊಟೀನನ್ನು ನೇರವಾಗಿ ನೋಡುವುದಿಲ್ಲ. ಪ್ರೊಟೀನಿಗೆ ಅಂಟುವ ಒಂದು ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, ಬಣ್ಣ ಎಷ್ಟು ಹೊಳೆಯುತ್ತದೆ ಎಂದು ಅಳೆಯುತ್ತದೆ. ನೀಲಿ ಬೆಳಕಿಗೆ ಅರಿಷಿಣವೂ ಹೊಳೆಯುತ್ತದೆ. ಮೂರಲ್ಲ, ಮುನ್ನೂರು ನೀರಿನಲ್ಲಿ ತೊಳೆದರೂ ಮಾಂಸದೊಳಗೆ ಇಳಿದ ಅರಿಷಿಣ ಕಣ್ಣಿಗೆ ಕಾಣದಿರಬಹುದು, ಯಂತ್ರಕ್ಕೆ ಕಾಣುತ್ತದೆ. ಎರಡು ಸಾವಿರದ ಆರುನೂರು ಮಾಸುಗಳು ಹೊಳೆದದ್ದರಲ್ಲಿ ಅರ್ಧ ಉರಿ, ಅರ್ಧ ಅರಿಷಿಣ. ಖಾರ ಉಣ್ಣುವ ರಕ್ತವೂ ಇಲ್ಲ, ಏನೂ ಇಲ್ಲ. ಬಳೆ ಮೊದಲಿನಿಂದಲೂ ನಿಜವನ್ನೇ ಎಣಿಸುತ್ತಿತ್ತು. ಗೆರೆ ಸುಳ್ಳಾಗಿತ್ತು.

"ಯಾಕವಾ, ಮಾರಿ ಯಾಕ ಹಂಗಾತು?" ಫಕ್ಕೀರವ್ವನ ಕೈ ಬೋಗುಣಿಯಲ್ಲೇ ನಿಂತಿತು. "ನನ್ನಿಂದ ಏನರ ತಪ್ಪಾತೇನು?"

ಮಹಾನಂದಾ ಆ ಕೈಗಳನ್ನು ನೋಡಿದಳು. ಮೂರು ವರ್ಷ, ದಿನಕ್ಕೆ ಎರಡು ಮೂರು ಸಲ ಬಾಗಿಲ ಹತ್ತಿರ ಬಂದು ಡಬ್ಬಿ ಕೊಟ್ಟು ಹೋದ ಕೈ. ಹೇಗೆ ತೊಳೆದಿರಿ ಎಂದು ಒಂದು ದಿನ ಕೇಳಿದ್ದರೆ ಸಾಕಿತ್ತು.

"ಇಲ್ಲ ಆಯೀ. ನಾಳಿಂದ ತೊಳೀಬ್ಯಾಡ್ರಿ ಅಷ್ಟ. ನಾವ ತೊಳಕೊಂತೀವಿ."

"ಅರಿಷಿಣಾ ಹಾಕ್ತೀರಲ್ಲ ಮತ್ತ?"

"ಹಾಕ್ತೀವಿ" ಎಂದಳು ಮಹಾನಂದಾ.

*

ಹೊಸ ಲೆಕ್ಕಕ್ಕೆ ಒಂದು ದಿನ ಹಿಡಿಯಿತು. ಹೊಸ ಆಯಾ ತಂದ, ತೊಳೆಯದ ಮಾಸುಗಳು ಎಪ್ಪತ್ತೊಂದು ಇದ್ದವು. ಅವುಗಳನ್ನು ಮುಂದಿಟ್ಟುಕೊಂಡು ಎಷ್ಟು ಸಲ ಕೂಡಿ ಕಳೆದರೂ ಗೆರೆ ಬಂದು ನಿಲ್ಲುತ್ತಿದ್ದುದು ಸರಿಯಾಗಿ ಮೂವತ್ತಕ್ಕೆ. ಮಹಾನಂದಾ ತಂಗಿಯ ಬಳೆಯ ಹಳೆಯ ಅಂಕಿಗಳನ್ನು ತೆರೆದಳು. ಮೂವತ್ತು ದಾಟಿದ್ದು ಇಪ್ಪತ್ಮೂರನೇ ವಾರದ ಕೊನೆಗೆ. ಅಲ್ಲಿಂದ ಏಳು ವಾರ, ಒಂದು ದಿನವೂ ಕೆಳಗಿಳಿದಿರಲಿಲ್ಲ.

ಇನಾಮದಾರರು ಕುರ್ಚಿಯಲ್ಲಿ ಕೂತಲ್ಲೇ ಸಣ್ಣಗಾದರು. ನಲವತ್ತು ದೇಶಗಳ ಸಭೆಯಲ್ಲಿ ಮೇಜು ಕುಟ್ಟಿ ಮಾತಾಡಿದ ಮನುಷ್ಯ, ಈಗ ಪೆನ್ನಿನ ಮುಚ್ಚಳ ಹಾಕಲು ಮೂರು ಸಲ ತಪ್ಪಿದರು.

"ಗೆರೀ ಇಳಿಸಿದ್ರ ಎಷ್ಟು ಕೆಂಪಾಗತಾವ?"

"ಮೂರು ಸಾವಿರದ ಒಂಬೈನೂರು ರೀ ಸರ್. ಒಮ್ಮಿಗೇ."

"ಅವರಿಗೆ ಏನಂತ ಹೇಳೂದು?"

ಹೇಳಲು ಮದ್ದೇನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಳೆ ಮಾಡುವಾಗ ಉರಿ ಕಂಡುಹಿಡಿಯುವುದಕ್ಕೆ ಆರು ಕೋಣೆ ತುಂಬ ಯಂತ್ರ ತಂದಿದ್ದರು. ಉರಿ ಆರಿಸುವುದಕ್ಕೆ ಏನು ಎಂದು ಕೇಳಿದವರಿಗೆ, ಅದು ಎರಡನೇ ಹಂತ ಎಂದಿದ್ದರು.

"ಗುರುವಾರ ಹನ್ನೊಂದಕ್ಕ ಇಳಸೂಣು" ಎಂದರು ಇನಾಮದಾರರು. "ಅಲ್ಲೀತನಕಾ ಆಸ್ಪತ್ರಿಗೋಳಿಗೆ ಪತ್ರಾ ಹೋಗಲಿ, ಫೋನ್ ಎತ್ತಾಕ ಮಂದೀನ ಕೂಡಸೂಣು. ಇಲ್ಲಾಂದ್ರ ಕಾಲ್ತುಳಿತ ಆಗತೈತಿ. ನೋಡ್ರಿ ಮಹಾನಂದಾ, ಅಲ್ಲೀತನಕಾ ಮನ್ಯಾಗೂ..."

"ಮನ್ಯಾಗ ನನ್ನ ತಂಗಿ ಅದಾಳ ರೀ ಸರ್."

ಅವರು ಮುಖ ತಿರುಗಿಸಿ ಕಿಟಕಿ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

*

ಮಂಗಳವಾರವೇ ಅವಳು ತಂಗಿಯನ್ನು ಸುಮ್ಮನೆ ಒಂದು ಸ್ಕ್ಯಾನಿಗೆಂದು ಕರೆದುಕೊಂಡು ಹೋದಳು. ಪರೀಕ್ಷಿಸಿದವರು ನಾಡಗೌಡ ಮೇಡಮ್. ಸಾವಿರಾರು ಹೆರಿಗೆ ಮಾಡಿಸಿದವರು; ಅವರ ಬೈಗುಳಕ್ಕೆ ಅಡ್ಡ ಬಂದ ಕೂಸೂ ನೆಟ್ಟಗಾಗುತ್ತದೆ ಎಂಬ ಖ್ಯಾತಿ. ಅಂಥವರು ಪರದೆಯ ಮುಂದೆ ಬಹಳ ಹೊತ್ತು ಬೈಯಲಿಲ್ಲ. ಅದೇ ಮಹಾನಂದಾಳಿಗೆ ಭಯವಾದದ್ದು.

ಶೈಲಜಾ ಬಟ್ಟೆ ಸರಿಮಾಡಿಕೊಳ್ಳಲು ಪರದೆಯಾಚೆ ಹೋದಾಗ ಮೇಡಮ್ ತಗ್ಗಿದ ದನಿಯಲ್ಲಿ ಹೇಳಿದರು. "ಹೊಕ್ಕಳುಬಳ್ಳಿಯೊಳಗ ರಕ್ತ ಸ್ವಲ್ಪ ನಿಧಾನ ಹರಿಯಾಕತ್ತೇತಿ. ಕೂಸು ತೂಕಾನೂ ಕಡಿಮಿ."

"ಏನು ಮಾಡಬಹುದು ರೀ ಮೇಡಮ್?"

"ಶುಕ್ರವಾರ ಮತ್ತ ನೋಡಿ, ಕೂಸಿನ ಪುಪ್ಪುಸ ಬಲಿಯಾಕ ಇಂಜೆಕ್ಷನ್ ಕೊಡ್ತೀನಿ. ಇನ್ಸುಲಿನ್ ಒಂಚೂರು ಏರಸ್ತೀನಿ. ವಾರಕ್ಕ ಎರಡು ಸಲ ಕರ್ಕೊಂಡ ಬಾ."

"ಮಾಸಿನ ಉರಿಗೆ?"

"ಉರಿ ಆರಸೂ ಔಷಧಾ ಐತಿ. ಕೊಟ್ರ ಅದು ಮಾಸು ದಾಟಿ ಕೂಸಿಗೂ ಹೋಗತೈತಿ. ಬೆಂಕಿ ಆರಸಾಕ ಹೋಗಿ ಮನೀನ ನೀರಾಗ ಮುಳುಗಿಸಿದಂಗ ಆಗತೈತಿ." ಮೇಡಮ್ ಕನ್ನಡಕ ತೆಗೆದರು. "ಈಗ ಹೊರಗ ತಗದ್ರ ಭಾಳ ಎಳೀದು. ಒಳಗ ಬಿಟ್ರ ಮಾಸು ಎಷ್ಟು ದಿನಾ ತಡೀತೈತಿ ಗೊತ್ತಿಲ್ಲ. ಕಾಯೂದು. ಮತ್ತೇನು ಮಾಡೂದು?"

"ಏಳು ವಾರದ ಹಿಂದನ ಗೊತ್ತಾಗಿದ್ರ ರೀ?"

"ಇನ್ಸುಲಿನ್ ಮೊದಲ ಏರಸ್ತಿದ್ನೇನೋ. ಅದರಿಂದ ಉಪಯೋಗ ಆಗ್ತಿತ್ತೋ ಇಲ್ಲೋ ದೇವರಾಣಿ ನನಗ ಗೊತ್ತಿಲ್ಲ, ಮಹಾನಂದಾ. ಯಾರಿಗೂ ಗೊತ್ತಿಲ್ಲ."

ಹೊರಗೆ ಬಂದ ಶೈಲಜಾ ಅಕ್ಕನ ತೋಳು ಹಿಡಿದಳು. "ಎಂಥಾ ಗುಸುಗುಸು ಮಾತಾಡಾಕತ್ತೀರಿ ಇಬ್ರೂ? ನನ್ನ ಮಗನ ಮೂಗು ನಿನ್ನಂಗ ಐತಂತೇನು?"

"ಹೌದಂತ."

"ಅಯ್ಯೋ ಶಿವನೇ, ಇಂಜೆಕ್ಷನ್ ಮಾಡಿ ನೆಟ್ಟಗ ಮಾಡಾಕ ಬರತೈತೇನು ಕೇಳಬೇಕಿಲ್ಲೋ?"

ಆಟೋದಲ್ಲಿ ಮನೆಯವರೆಗೂ ಅದನ್ನೇ ಹೇಳಿ ಹೇಳಿ ನಕ್ಕಳು. ಅವಳ ಮಣಿಕಟ್ಟಿನ ಹಸಿರು ಬಿಸಿಲಿಗೆ ಹೊಳೆಯುತ್ತಿತ್ತು. ಮಹಾನಂದಾ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ತಂಗಿಯ ನಗು ಅಡ್ಡ ಬಂತು. ಹೇಳಿದರೆ ಭಯ, ಭಯಕ್ಕೆ ಸಕ್ಕರೆ ಏರುತ್ತದೆ, ಸಕ್ಕರೆಗೆ ಉರಿ ಏರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ವಿಜ್ಞಾನವೂ ಹೌದು, ಪುಕ್ಕಲುತನವೂ ಹೌದು. ಯಾವುದು ಎಷ್ಟು ಎಂದು ಅಳೆಯುವ ಯಂತ್ರ ಅವಳ ಬಳಿ ಇರಲಿಲ್ಲ.

*

ಗುರುವಾರ ಹನ್ನೊಂದಕ್ಕೆ ನಿಯಂತ್ರಣ ಕೋಣೆಯ ಗೋಡೆಯ ಮೇಲಿನ ನಕ್ಷೆ ಕೆಂಪಾಯಿತು.

ಏಳು ಜಿಲ್ಲೆ, ಮೂರು ಸಾವಿರದ ಒಂಬೈನೂರು ಚುಕ್ಕಿ, ಒಂದೇ ರೆಪ್ಪೆ ಬಡಿಯುವಷ್ಟರಲ್ಲಿ. ಸದ್ದಾಗಲಿಲ್ಲ. ಅಷ್ಟೊಂದು ಕೆಂಪಿಗೆ ಸ್ವಲ್ಪವಾದರೂ ಸದ್ದಿರಬೇಕಿತ್ತು. ಆಮೇಲೆ ಫೋನುಗಳು ಹೊಡೆದುಕೊಳ್ಳತೊಡಗಿದವು. ಇಪ್ಪತ್ತು ಹೆಂಗಸರನ್ನು ಕೂರಿಸಿದ್ದರು. ಇನ್ನೂರು ಜನರಿದ್ದರೂ ಸಾಲುತ್ತಿರಲಿಲ್ಲ. ಮಹಾನಂದಾ ಇಪ್ಪತ್ತೊಂದನೆಯವಳಾಗಿ ಕೂತಳು. ಎಲ್ಲರ ಮುಂದೆಯೂ ಒಂದೇ ಹಾಳೆ, ಅದರಲ್ಲಿ ಮೂರು ಸಾಲು. ಆರು ಕೋಣೆಯ ಯಂತ್ರಗಳು, ನಲವತ್ತು ದೇಶಗಳ ಪಂಡಿತರು, ಎಲ್ಲರೂ ಸೇರಿ ಕೊನೆಗೆ ಕೊಡಲು ಸಾಧ್ಯವಾದದ್ದು ಈ ಮೂರು ಸಾಲು.

ಎಡಕ್ಕೆ ಹೊರಳಿ ಮಲಗ್ರಿ. ಕೂಸಿನ ಒದೆತ ಎಣಿಸ್ರಿ, ಎರಡು ತಾಸಿನಾಗ ಹತ್ತು ಆಗಬೇಕು. ಆಗದಿದ್ರ ಹತ್ತಿರದ ಆಸ್ಪತ್ರಿಗೆ ಹೋಗ್ರಿ.

ರೋಣದ ಒಬ್ಬಾಕೆ ಬಳೆ ಒಡೆಯಲೇ ಎಂದು ಕೇಳಿದಳು. ಮುಂಡರಗಿಯ ಒಬ್ಬ ಮಾವ, ತಮ್ಮ ಸೊಸೆ ಮುಂಜಾನೆ ಬೆಲ್ಲದ ಚಹಾ ಕುಡಿದದ್ದೇ ಕಾರಣವೇ ಎಂದು ಕೇಳಿದರು.  ಮಹಾನಂದಾ ಮೂರು ಸಾಲು ಓದಿದಳು, ಇಟ್ಟಳು, ಎತ್ತಿದಳು, ಓದಿದಳು. ಅರವತ್ತನೆಯದೋ ಎಪ್ಪತ್ತನೆಯದೋ ಫೋನು.

"ನಮಸ್ಕಾರ್ರೀ, ಬಳೆ ಕೇಂದ್ರ."

ಆಚೆ ಮಗ್ಗದ ಸದ್ದು. ಆಮೇಲೆ, "ಯಕ್ಕಾ? ನೀನೇನ?"

ಮಹಾನಂದಾ ಹಾಳೆಯ ಅಂಚು ಹಿಡಿದಳು.

"ಯಕ್ಕಾ, ನಿನ್ನ ಮೊಬೈಲಿಗೆ ಹಚ್ಚಿ ಹಚ್ಚಿ ಸಾಕಾತು. ಇದು ಕೆಂಪಾಗೇತಿ ನೋಡ. ಹನ್ನೊಂದಕ್ಕ ಒಮ್ಮಿಂದೊಮ್ಮೆಲೆ. ಕೆಟ್ಟೇತೇನ?"

"ಕೆಟ್ಟಿಲ್ಲ ಶೈಲೂ."

"ಮತ್ತ?"

"ಎಡಕ್ಕ ಹೊಳ್ಳಿ ಮಲಕೋ. ಕೂಸಿನ ಒದೆತ ಎಣಸು. ಎರಡು ತಾಸಿನಾಗ..."

"ಇದನ್ನ ಆ ರಿಕಾರ್ಡಿನಾಕೀನೂ ಹೇಳಿದ್ಲು. ನೀ ಹೇಳ. ನಿನಗ ಗೊತ್ತಿರತೈತಿ. ನೀನ ಮಾಡಿದ ಬಳಿ ಇದು. ಏನ್ ಮಾಡ್ಲಿ?"

ಬಲಬದಿಯ ಹೆಂಗಸು ಇದೇ ಮೂರು ಸಾಲನ್ನು ಇನ್ಯಾರಿಗೋ ಓದುತ್ತಿದ್ದಳು. ಎಡಬದಿಯವಳೂ. ಪರದೆಯ ಮೇಲೆ ಕಾಯುತ್ತಿರುವ ಕರೆಗಳು, ಒಂದು ಸಾವಿರದ ನಾನೂರು.

"ಹತ್ತು ಆಗಬೇಕವಾ" ಎಂದಳು ಮಹಾನಂದಾ. "ಎಣಸು. ನಾ ಬರ್ತೀನಿ."

ಆವತ್ತು ಹತ್ತಾಯಿತು. ಒಂದು ತಾಸು ನಲವತ್ತು ನಿಮಿಷ ಹಿಡಿಯಿತು. ಮಹಾನಂದಾ ಮನೆಗೆ ಬರುವಷ್ಟರಲ್ಲಿ ಶೈಲಜಾ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಅವಳ ಗಂಡ ಬಸವಂತ ಪಕ್ಕದ ಓಣಿಯ ತನ್ನ ಮಗ್ಗ ನಿಲ್ಲಿಸಿ ಬಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಹತ್ತು ಗೀಟು ಎಳೆದಿದ್ದ. ಶುಕ್ರವಾರ ಹತ್ತಾಯಿತು, ಎರಡು ತಾಸಿಗೆ ಐದು ನಿಮಿಷ ಇರುವಾಗ. ನಾಡಗೌಡ ಮೇಡಮ್ ಮತ್ತೆ ಸ್ಕ್ಯಾನು ಮಾಡಿದರು, ಸೋಮವಾರ ಕೂಸನ್ನು ಹೊರಗೆ ತೆಗೆಯುವುದೆಂದು ಗೊತ್ತು ಮಾಡಿದರು. ಅಷ್ಟರಲ್ಲಿ ಅವತ್ತು ಕೊಟ್ಟ ಇಂಜೆಕ್ಷನ್ನಿನ ಫಲ ಪುಪ್ಪುಸಕ್ಕೆ ಪೂರಾ ಸಿಗಲಿ ಎಂದರು. ನಡುವೆ ಎರಡು ದಿನ. ಅದು ಸರಿಯಾದ ಲೆಕ್ಕವೇ ಆಗಿತ್ತು.

ಶನಿವಾರ ಊಟವಾದ ಮೇಲೆ ಶೈಲಜಾ ಒದೆತ ಎಣಿಸಲು ಎಡಕ್ಕೆ ಹೊರಳಿ ಮಲಗಿದಳು. ಬಸವಂತ ಮೊದಲ ತಾಸಿನಲ್ಲಿ ಮೂರು ಗೀಟು ಎಳೆದ. ಆಮೇಲೆ ಅವ್ವ ಬೆಲ್ಲದ ನೀರು ಕೊಟ್ಟಳು, ಸಕ್ಕರೆ ಕಾಯಿಲೆ ಎಂಬುದನ್ನು ಯಾರೂ ನೆನಪಿಸಲಿಲ್ಲ. ಮಹಾನಂದಾ ತಂಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು. ಸಾಸಿವೆಯಷ್ಟು ಚೂರನ್ನು ತೂಗದೆಯೇ ಗುರುತಿಸುವ ಕೈ. ಅದಕ್ಕೆ ಏನೂ ಸಿಗಲಿಲ್ಲ. ಓಣಿಯ ಮಗ್ಗಗಳನ್ನೆಲ್ಲ ಬಸವಂತ ಹೋಗಿ ನಿಲ್ಲಿಸಿಬಂದ, ಸದ್ದಿಗೆ ತಿಳಿಯುತ್ತಿಲ್ಲವೇನೋ ಎಂದು. ಸದ್ದು ನಿಂತಿತು.

*

ಹುಡುಗಿ. ಒಂದು ಕಿಲೋ ಎಂಬತ್ತು ಗ್ರಾಂ. ಅತ್ತಿರಲಿಲ್ಲ.

ಹನ್ನೆರಡು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಶೈಲಜಾ ಹಿತ್ತಲಿನ ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಕೂದಲು ಹರಡಿಕೊಂಡಿದ್ದಳು. ಮಹಾನಂದಾ ಬಂದು ಪಕ್ಕದಲ್ಲಿ ಕೂತಳು. ಹನ್ನೆರಡು ದಿನಗಳಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಹೇಳಿಬಿಟ್ಟರೆ ಹಗುರಾಗಬಹುದು ಎಂದುಕೊಂಡಿದ್ದಳು. ಹೇಳಿದಳು. ಅರಿಷಿಣ, ಗೆರೆ, ಅರವತ್ತು, ಮೂವತ್ತು. ಇಪ್ಪತ್ಮೂರನೇ ವಾರದಿಂದಲೇ ನಿನ್ನ ಬಳೆ ಕೆಂಪಿರಬೇಕಿತ್ತು, ಅದು ಏಳು ವಾರ ಹಸಿರು ತೋರಿಸಿದ್ದು ನನ್ನ ತಪ್ಪಿನಿಂದ ಎಂದಳು. ಮಂಗಳವಾರ ಗೊತ್ತಿದ್ದೂ ನಿನಗೆ ಹೇಳಲಿಲ್ಲ ಎಂದಳು.

ಶೈಲಜಾ ಬೈಯಬಹುದು ಎಂದುಕೊಂಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ಮೊದಲ ಗೊತ್ತಾಗಿದ್ರ ಉಳೀತಿತ್ತೇನು?" ಎಂದಳು ಶೈಲಜಾ.

"ಗೊತ್ತಿಲ್ಲ."

"ನಿನಗೂ?"

"ನನಗೂ ಗೊತ್ತಿಲ್ಲ. ಮೇಡಮ್ಮಗೂ ಗೊತ್ತಿಲ್ಲ."

ಶೈಲಜಾ ತಲೆಯಾಡಿಸಿದಳು. ಕೂದಲನ್ನು ಒಂದು ಬದಿಗೆ ತಂದು ಸಿಕ್ಕು ಬಿಡಿಸತೊಡಗಿದಳು.

"ಮೊದಲಿಂದು ಇತ್ತಲ್ಲ, ಅದರ ಆರು ತಿಂಗಳಾಗ ನಾ ಒಂದಿನಾನೂ ನಕ್ಕಿದ್ದಿಲ್ಲ" ಎಂದಳು. "ಅಂಜಿಕೊಂಡ ಹೊತ್ತೆ, ಅಂಜಿಕೊಂಡ ಕಳಕೊಂಡೆ. ಇದರ ಜೋಡಿ ಹಂಗಾಗಲಿಲ್ಲ. ಏಳು ವಾರ ಮುಂಜಾನೆ ಎದ್ದು ಹಸಿರು ನೋಡ್ತಿದ್ದೆ. ಕೂಸು ಆರಾಮ ಐತಿ ಅಂತ ಅದರ ಜೋಡಿ ಜಗಳಾಡ್ತಿದ್ದೆ, ಹಾಡ್ತಿದ್ದೆ, ಬೈತಿದ್ದೆ. ಹೋದ ಹನ್ನೆರಡು ದಿನಾ ಅದನ್ನ ನೆನಸ್ಕೋತ ಕುಂತಿದ್ದೆ. ಆ ಏಳು ವಾರ ಆದ್ರೂ ಅದು ನನ್ನ ಹೊಟ್ಯಾಗ ಸುಖದಿಂದ ಇತ್ತಲ್ಲ ಅಂತ."

ಮಹಾನಂದಾ ತಂಗಿಯ ಮುಖ ನೋಡಿದಳು.

"ಈಗ ಅದೂ ಇಲ್ಲಂತೀ" ಎಂದಳು ಶೈಲಜಾ. "ನಾ ನಕ್ಕಾಗೆಲ್ಲಾ ಅದು ಒಳಗ ಸುಡಾಕತ್ತಿತ್ತಂತೀ."

"ಶೈಲೂ..."

"ಮಂದಿಗೆಲ್ಲಾ ಹೇಳ್ರಿ. ಹೇಳಬೇಕು. ನನಗೊಬ್ಬಾಕಿಗೆ ಹೇಳದ ಬಿಡಬೇಕಿತ್ತಕ್ಕಾ."

ಬಾಚಣಿಕೆ ಕೂದಲಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಮಹಾನಂದಾ ಕೈ ಚಾಚಿದಳು. ಶೈಲಜಾ ತಲೆಯನ್ನು ಅತ್ತ ಸರಿಸಿಕೊಂಡು ತಾನೇ ಬಿಡಿಸಿಕೊಳ್ಳತೊಡಗಿದಳು, ಒಂದೊಂದೇ ಎಳೆಯಾಗಿ.